ವೆಬ್ ವಿಳಾಸವನ್ನು ಕಡೆಯತನಕ ಓದಿರಿ

ಚೌತಿ ಹತ್ತಿರ ಬಂತೆಂದರೆ ನಮ್ಮವರಲ್ಲಿ ಬಹುಮಂದಿಗೆ ಮತ್ಸ್ಯಗಂಧಾ ಗಾಡಿಯ ಟಿಕೇಟಿನದೇ ಚಿಂತೆ. ಈಗ ಅದನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆಗೆಯುವುದು ವಾಡಿಕೆ. ಮೋಸಗಾರರೂ ಅಲ್ಲಿಯೇ ಕಾದಿರುತ್ತಾರೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಮುಂಬಯಿ ಮೊದಲಾದ ನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಇಂಟರ್ನೆಟ್ಟೆಂದರೆ ಕಂಪ್ಯೂಟರುಗಳನ್ನು ಜೋಡಿಸುವ ದಾರಿ. ವೆಬ್ ಎಂದರೆ ಆ ದಾರಿಯಲ್ಲಿ ದೊರೆಯುವ ಪುಟಗಳ ರಾಶಿ. ಪ್ರತಿ ಪುಟಕ್ಕೂ ಒಂದು ವಿಳಾಸವುಂಟು. ಲಕೋಟೆಯ ಮೇಲೆ ಮೊದಲು 'ಮಾಟುಂಗಾ' ಎಂದು ಬರೆದು ಕಡೆಗೆ 'ಸೂರತ್' ಎಂದರೆ ಕಾಗದ ಸೂರತ್ತಿಗೇ ಹೋಗುವುದಷ್ಟೆ. ಇದೂ ಹಾಗೆಯೇ. ರೈಲ್ವೆ ಟಿಕೇಟಿನ ವಿಳಾಸ 'ಡಬ್ಲ್ಯು ಡಬ್ಲ್ಯು ಡಬ್ಲ್ಯು ಡಾಟ್ ಐಆರ್‌ಸಿಟಿಸಿ ಡಾಟ್ ಕೋ ಡಾಟ್ ಇನ್'. ಓರೆಗೆರೆ ಬರುವ ಮುಂಚೆಯೇ ಅದರ ಬಾಲಕ್ಕೆ ಇನ್ನೊಂದು ಚುಕ್ಕೆ, ಇನ್ನೊಂದು ಹೆಸರು ಅಂಟಿದ್ದರೆ ಯಜಮಾನನೇ ಬೇರೆ. ಬೀಗದ ಗುರುತನ್ನು ನಂಬಿ ಕೂರುವಂತಿಲ್ಲ. ದಾರಿಯಲ್ಲಿ ಯಾರೂ ಕದ್ದು ಓದಲಾರರೆಂದಷ್ಟೇ ಅದರ ಅರ್ಥ, ಎದುರಿಗಿರುವವನೇ ಕಳ್ಳನಾಗಿರಬಹುದು.

ರದ್ದಾದ ಟಿಕೇಟಿನ ಹಣ ಮರಳಿಸುತ್ತೇವೆಂದು ಫೋನು ಮಾಡಿ ಪಿನ್ ಒತ್ತಿಸುವವರೂ ಉಂಟು. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಡವೇ ಬೇಡ. ಒತ್ತಿದರೆ ಹೋಗುವುದು ನಮ್ಮ ದುಡ್ಡೇ. ಹೋಯಿತೆಂದು ತಿಳಿದೊಡನೆ 1930ಕ್ಕೆ ಫೋನು ಮಾಡತಕ್ಕದ್ದು. ಹಣ ಕಳ್ಳನ ಖಾತೆಯಿಂದ ಮುಂದೆ ಸಾಗಿರದಿದ್ದರೆ ತಡೆಹಿಡಿಯುವುದು ಸಾಧ್ಯ. ನಾಚಿಕೆಪಟ್ಟು ಸುಮ್ಮನಿದ್ದರೆ ಲಾಭ ಕಳ್ಳನಿಗೆ.

ನಾಲ್ಕು ಜನ ಬಳಸುವ ಕಂಪ್ಯೂಟರು ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕೇಳಿದರೆ ಬೇಡವೆನ್ನಿರಿ. ಏಳುವ ಮುಂಚೆ ಲಾಗ್‌ಔಟ್ ಮಾಡಿರಿ. ಪುಟ ಮುಚ್ಚಿದ ಮಾತ್ರಕ್ಕೆ ಖಾತೆ ಮುಚ್ಚಿತೆಂದು ತಿಳಿಯಬಾರದು.