ಉಲ್ಲೇಖಗಳ ಎಣಿಕೆಯೂ ಸಂಶೋಧನೆಯ ಮೌಲ್ಯವೂ

ಒಬ್ಬ ಸಂಶೋಧಕನ ಪ್ರಬಂಧಗಳನ್ನು ಇತರ ವಿದ್ವಾಂಸರು ಎಷ್ಟು ಬಾರಿ ಉಲ್ಲೇಖಿಸಿರುವರೆಂದು ಎಣಿಸಿ ಆತನ ಪ್ರಭಾವವನ್ನು ಅಳೆಯುವ ಪದ್ಧತಿ ಈಗ ರೂಢವಾಗಿದೆ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕ ಇಂತಹ ಒಂದು ಮಾನ. ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳುಳ್ಳವನು ಈ ಮಾನದಲ್ಲಿ 20ನ್ನು ಮುಟ್ಟುತ್ತಾನೆ.

ಈ ಎಣಿಕೆ ಅಳೆಯುವುದು ವಿದ್ವಾಂಸರ ಗಮನವನ್ನೇ ಹೊರತು ಸತ್ಯವನ್ನಲ್ಲ. ಲಂಡನ್ನಿನ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್ (1916–1997) ಅವರ ಕೃತಿಶ್ರೇಣಿ ಇದಕ್ಕೆ ನಿದರ್ಶನ. ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರಜ್ಞರನ್ನು ಕುರಿತು 2002ರಲ್ಲಿ ಪ್ರಕಟವಾದ ಗಣನೆಯಲ್ಲಿ, ವಿದ್ವತ್ಪತ್ರಿಕೆಗಳ ಉಲ್ಲೇಖಗಳ ದೃಷ್ಟಿಯಿಂದ ಫ್ರಾಯ್ಡ್ ಮತ್ತು ಪಿಯಾಜೆಯರ ಅನಂತರದ ಸ್ಥಾನ ಅವರದೇ. ಆದರೆ ವ್ಯಕ್ತಿತ್ವಕ್ಕೂ ಕ್ಯಾನ್ಸರ್, ಹೃದ್ರೋಗಗಳಿಗೂ ಬಲವಾದ ಸಂಬಂಧವಿದೆಯೆಂದು ಅವರು ಸಹಲೇಖಕರೊಬ್ಬರೊಡನೆ ಬರೆದ 26 ಪ್ರಬಂಧಗಳು ವಿಶ್ವಾಸಾರ್ಹವಲ್ಲವೆಂದು 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಚಾರಣೆ ತೀರ್ಮಾನಿಸಿತು. 2020ರಲ್ಲಿ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು.

ಈ ಸಂಶಯ ಹೊಸದಲ್ಲ. 1992ರಲ್ಲಿಯೇ ಪೆಲೋಸಿ ಮತ್ತು ಆಪಲ್‌ಬಿ ಎಂಬವರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಆಕ್ಷೇಪವೆತ್ತಿದ್ದರು. ಎಣಿಕೆಗೆ ಮಾತ್ರ ಅನುಮೋದನೆಯೂ ಖಂಡನೆಯೂ ಒಂದೇ. ಆಕ್ಷೇಪಿಸುವವನೂ ಮೂಲ ಪ್ರಬಂಧವನ್ನು ಹೆಸರಿಸಲೇಬೇಕಾದುದರಿಂದ ಅದರ ಲೆಕ್ಕಕ್ಕೆ ಒಂದನ್ನು ಕೂಡಿಸುತ್ತಾನೆ.

ನೇಮಕ, ಬಡ್ತಿಗಳನ್ನು ನಿರ್ಣಯಿಸುವವರು ಇದನ್ನು ಮನಗಾಣಬೇಕು. ಅಂಕೆಯನ್ನು ಕಂಡಮೇಲೆ ಪ್ರಬಂಧವನ್ನು ಓದಬೇಕು. ಉಲ್ಲೇಖಿಸಿದವರ ಅಭಿಪ್ರಾಯವೇನು, ಪ್ರಯೋಗವನ್ನು ಅನ್ಯರು ಪುನಃ ನಡೆಸಿದಾಗ ಅದೇ ಫಲ ದೊರಕಿತೇ ಎಂದು ವಿಚಾರಿಸಬೇಕು. ಅಂಕೆ ವಿಚಾರಣೆಗೆ ಆರಂಭವೇ ಹೊರತು ತೀರ್ಪಲ್ಲ.