ಬ್ರೂಟಸನ ಹೊನ್ನು

ಗಣರಾಜ್ಯವಾಗಿದ್ದ ರೋಮಿನಲ್ಲಿ ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಒತ್ತುವ ರೂಢಿಯಿರಲಿಲ್ಲ. ಆ ಸ್ಥಾನವು ದೇವತೆಗಳಿಗೂ ಗತಿಸಿದ ಹಿರಿಯರಿಗೂ ಮೀಸಲಾಗಿದ್ದಿತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಮುಖವು ಅಲ್ಲಿ ಮೂಡಿದಾಗ, ಈತನು ಅರಸನಾಗಲೆಳಸುವನೆಂಬ ಶಂಕೆಗೆ ಮತ್ತಷ್ಟು ಬಲ ಬಂದಿತು. ಅದೇ ವರ್ಷದ ಮಾರ್ಚ್ 15ರಂದು ಬ್ರೂಟಸನೂ ಅವನ ಸಂಗಡಿಗರೂ ಸೀಸರನನ್ನು ಇರಿದು ಕೊಂದರು.

ಅನಂತರ ಬ್ರೂಟಸನು ಪೂರ್ವ ಪ್ರಾಂತಗಳಲ್ಲಿ ದಂಡು ಕೂಡಿಸಿ, ಅದರ ಸಂಬಳಕ್ಕಾಗಿ ನಾಣ್ಯ ಹೊಡೆಯಿಸಿದನು. ಅವುಗಳೊಳಗೆ ಹೊನ್ನಿನವು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ; ತೂಕ ಮುಕ್ಕಾಲು ತೊಲೆಗೂ ಕಡಮೆ. ಹಿಂಬದಿಯಲ್ಲಿ ಎರಡು ಕಠಾರಿಗಳು, ನಡುವೆ ಒಂದು ಟೊಪ್ಪಿಗೆ, ಕೆಳಗೆ ಆ ಮಾರ್ಚ್ ದಿನದ ಹೆಸರು. ದಾಸ್ಯದಿಂದ ಬಿಡುಗಡೆ ಹೊಂದಿದ ಗುಲಾಮನು ಧರಿಸುತ್ತಿದ್ದ ಟೊಪ್ಪಿಗೆಯದು. ಓದು ಬಾರದ ಸಿಪಾಯಿಗೂ ಅರ್ಥ ಹೊಳೆಯುವಂತಿದ್ದಿತು: ಕೊಂದುದು ಸ್ವಾತಂತ್ರ್ಯಕ್ಕಾಗಿ!

ಆದರೆ ವಾಚಕರು ನಾಣ್ಯವನ್ನು ಮಗುಚಿ ನೋಡಬೇಕು. ಮುಂಬದಿಯಲ್ಲಿರುವುದು ಬ್ರೂಟಸನದೇ ಮುಖ! ಕ್ರಿ.ಪೂ. 54ರ ಸುಮಾರಿಗೆ ಟಂಕಸಾಲೆಯ ಅಧಿಕಾರಿಯಾಗಿದ್ದಾಗ ಇದೇ ಮಹಾಶಯನು ಬೆಳ್ಳಿಯ ನಾಣ್ಯದ ಮೇಲೆ ಸ್ವಾತಂತ್ರ್ಯದೇವಿಯ ಮುಖವನ್ನೊತ್ತಿಸಿದ್ದನು. ಸಿಪಾಯಿಗಳಿಗೆ ಸಂಬಳ ಕೊಡುವ ಧಣಿಯ ಗುರುತು ಬೇಕಾಗಿದ್ದಿತೆಂದು ಅವನ ಪರವಾಗಿ ವಾದಿಸಬಹುದು. ಆ ವಾದವು ಸೀಸರನಿಗೂ ಸಲ್ಲಬೇಕಷ್ಟೆ.

ಕ್ರಿ.ಪೂ. 42ರಲ್ಲಿ ಫಿಲಿಪ್ಪಿಯ ರಣದಲ್ಲಿ ಸೋತು ಬ್ರೂಟಸನು ಆತ್ಮಹತ್ಯೆ ಮಾಡಿಕೊಂಡನು. ಗೆದ್ದವರಲ್ಲೊಬ್ಬನು ಮುಂದೆ ಆಗಸ್ಟಸ್ ಚಕ್ರವರ್ತಿಯಾದನು. ಅಲ್ಲಿಂದಾಚೆಗೆ ಹೊನ್ನಿನ ಮೇಲೆ ಅರಸರ ಮುಖವೇ ಮುಖ. 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 30 ಲಕ್ಷ ಡಾಲರಿಗೂ ಮೀರಿ ಬಿಕರಿಯಾದ ಬ್ರೂಟಸನ ಹೊನ್ನೊಂದು, ಕಳವಿನ ಮಾಲೆಂದು ಬಯಲಾಗಿ, 2023ರಲ್ಲಿ ಗ್ರೀಸಿಗೆ ಹಿಂದಿರುಗಿತು.