ಅನಪೇಕ್ಷಿತ ವಾಣಿಜ್ಯ ಕರೆಗಳು: ವರ್ತಕರು ತಿಳಿದಿರಬೇಕಾದ ಎರಡು ಮುಖಗಳು

ಅಂಗಡಿಯ ಬಾಗಿಲು ತೆರೆದು ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿಯೇ ದಿನದ ಮೊದಲ ಕರೆ ಬಂದಿರುತ್ತದೆ. ಜಾಮೀನಿಲ್ಲದ ಸಾಲ ಮಂಜೂರಾಗಿದೆ ಎಂಬ ಶುಭವಾರ್ತೆ ಅದರಲ್ಲಿರುತ್ತದೆ. ಗಿರಾಕಿಯೊಡನೆ ದರದ ಮಾತು ನಡೆದಿರುವಾಗ ಎರಡನೆಯ ಕರೆ ಬರುತ್ತದೆ. ಊರ ಹೊರಗಿನ ಬಡಾವಣೆಯಲ್ಲಿ ನಿವೇಶನಗಳಿವೆಯಂತೆ. ಗೃಹಸ್ಥನಾದವನು ಅಪರಿಚಿತ ಸಂಖ್ಯೆಯ ಕರೆಯನ್ನು ಎತ್ತದೆ ಸುಮ್ಮನಿರಬಹುದು. ವ್ಯಾಪಾರಸ್ಥನಿಗೆ ಆ ಅನುಕೂಲವಿಲ್ಲ. ಹೊಸ ಆರ್ಡರು ಬರುವುದೂ, ಸರಕು ತಂದ ಲಾರಿಯ ಚಾಲಕನು ದಾರಿ ಕೇಳುವುದೂ ಅಪರಿಚಿತ ಸಂಖ್ಯೆಯಿಂದಲೇ. ಆದುದರಿಂದ ಈ ಪೀಡೆಯ ಬೆಲೆಯನ್ನು ಎಲ್ಲರಿಗಿಂತ ಹೆಚ್ಚಾಗಿ ತೆರುವವನು ವರ್ತಕನೇ. ಆದರೆ ಹಬ್ಬದ ರಿಯಾಯಿತಿ ಮಾರಾಟದ ದಿನಗಳಲ್ಲಿ ಇಂತಹ ಕರೆ, ಸಂದೇಶಗಳನ್ನು ಕಳುಹಿಸುವವನೂ ಅನೇಕ ವೇಳೆ ಅವನೇ ಆಗಿರುತ್ತಾನೆ. ಈ ಎರಡನೆಯ ಮುಖವನ್ನು ಕುರಿತು ನಮ್ಮ ವ್ಯಾಪಾರಿ ವಲಯದಲ್ಲಿ ಅಷ್ಟಾಗಿ ಚರ್ಚೆ ನಡೆದಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ಈ ವಿಷಯದಲ್ಲಿ ಮೊದಲ ನಿಯಮಾವಳಿಯನ್ನು ಹೊರಡಿಸಿದ್ದು 2007ರಲ್ಲಿ. ಕರೆ ಬೇಡವೆನ್ನುವವರ ರಾಷ್ಟ್ರೀಯ ನೋಂದಣಿ ಪುಸ್ತಕವು ಆ ವರ್ಷವೇ ಜಾರಿಗೆ ಬಂದಿತು. 2010ರ ನಿಯಮಾವಳಿಯು ನೋಂದಾಯಿತ ಟೆಲಿಮಾರ್ಕೆಟಿಂಗ್ ಸಂಸ್ಥೆಗಳಿಗೆ ತಪ್ಪಿನ ಆವೃತ್ತಿಗೆ ತಕ್ಕಂತೆ 25,000 ರೂಪಾಯಿಯಿಂದ 2.5 ಲಕ್ಷ ರೂಪಾಯಿಯವರೆಗೆ ದಂಡವನ್ನು ಗೊತ್ತುಪಡಿಸಿತು. ಇದರ ಫಲ ವಿಚಿತ್ರವಾಯಿತು. ನೋಂದಾಯಿಸಿಕೊಂಡವನು ದಂಡಕ್ಕೆ ಸಿಕ್ಕಿದನು. ನೋಂದಣಿಯ ಗೋಜಿಗೇ ಹೋಗದೆ ಹತ್ತು ಸಾಮಾನ್ಯ ಸಿಮ್ ಕಾರ್ಡುಗಳನ್ನು ಕೊಂಡು ಕರೆ ಮಾಡಿದವನು ತಪ್ಪಿಸಿಕೊಂಡನು. 2018ರ ಜುಲೈ ತಿಂಗಳ ನಿಯಮಾವಳಿಯು ಡಿಎಲ್‌ಟಿ ಎಂಬ ಗಣಕ ಖಾತಾ ವ್ಯವಸ್ಥೆಯನ್ನು ತಂದಿತು. ಸಂದೇಶ ಕಳುಹಿಸುವ ಸಂಸ್ಥೆ, ಅದರ ಸಂಕ್ಷಿಪ್ತ ಹೆಸರು, ಸಂದೇಶದ ಒಕ್ಕಣೆ ಎಲ್ಲವೂ ಮೊದಲೇ ನೋಂದಣಿಯಾಗಬೇಕೆಂಬುದು ಇದರ ತಿರುಳು. ಇಷ್ಟಾದರೂ ನೋಂದಣಿಯಿಲ್ಲದವರ ಹಾವಳಿ ನಿಲ್ಲದುದರಿಂದ 2024ರ ಆಗಸ್ಟ್‌ನಲ್ಲಿ ಟ್ರಾಯ್ ಕಠಿಣ ನಿರ್ದೇಶನ ನೀಡಿತು. ಕೆಲವೇ ವಾರಗಳಲ್ಲಿ 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿತಗೊಂಡವು. 2025ರ ಫೆಬ್ರವರಿಯ ತಿದ್ದುಪಡಿಯು ಈ ಸರಣಿಯಲ್ಲಿ ವರ್ತಕರು ಅವಶ್ಯವಾಗಿ ಗಮನಿಸಬೇಕಾದುದು.

ದೂರು ನೀಡುವ ಕ್ರಮ

ಈ ತಿದ್ದುಪಡಿಯು ದೂರುದಾರನಿಗೆ ಬಹಳಷ್ಟು ಅನುಕೂಲ ಕಲ್ಪಿಸಿದೆ. ಮೊದಲು ಕರೆ ಬಂದ 3 ದಿನಗಳೊಳಗೆ ದೂರು ನೀಡಬೇಕಾಗಿತ್ತು; ಈಗ 7 ದಿನಗಳ ಅವಕಾಶವಿದೆ. ನೋಂದಣಿಯಿಲ್ಲದವರು ಕರೆ ಮಾಡಿದ್ದಲ್ಲಿ, ದೂರುದಾರನು ಕರೆ ಬೇಡವೆಂದು ಮುಂಚಿತವಾಗಿ ನೋಂದಾಯಿಸಿಕೊಂಡಿರಬೇಕೆಂಬ ಕಟ್ಟುಪಾಡೂ ಇಲ್ಲ. ಕ್ರಮ ಕೈಗೊಳ್ಳುವ ಅವಧಿಯನ್ನು 30 ದಿನಗಳಿಂದ 5 ದಿನಗಳಿಗೆ ಇಳಿಸಲಾಗಿದೆ. 1909 ಸಂಖ್ಯೆಗೆ ಕರೆ ಮಾಡಿ ಅಥವಾ ಸಂದೇಶ ಕಳುಹಿಸಿ, ಇಲ್ಲವೇ ಟ್ರಾಯ್ ಡಿಎನ್‌ಡಿ ಆ್ಯಪ್ ಮೂಲಕ ದೂರು ಸಲ್ಲಿಸಬಹುದು. ಕರೆ ಮಾಡಿದವರ ಸಂಖ್ಯೆ, ದಿನಾಂಕ, ವಿಷಯದ ಒಂದು ಸಾಲು ಇದ್ದರೆ ಸಾಕು. ಕರೆ ಮಾಡಿದ ಹುಡುಗನನ್ನೋ ಹುಡುಗಿಯನ್ನೋ ಗದರಿಸಿ ಫೋನಿಡುವುದು ರೂಢಿ. ಇದರಿಂದ ರಕ್ತದೊತ್ತಡ ಏರುವುದಲ್ಲದೆ ಬೇರೆ ಲಾಭವಿಲ್ಲ. ಸಂಸ್ಥೆಯ ಹೆಸರನ್ನು ಶಾಂತವಾಗಿ ಕೇಳಿ ಬರೆದುಕೊಂಡು 1909ಕ್ಕೆ ತಿಳಿಸುವುದು ಹೆಚ್ಚು ಫಲಕಾರಿ.

ಎಲ್ಲ ಸಂದೇಶಗಳನ್ನೂ ಒಮ್ಮೆಗೇ ತಡೆಯಬೇಕಾಗಿಲ್ಲ. ಬ್ಯಾಂಕಿಂಗ್, ಸ್ಥಿರಾಸ್ತಿ, ಶಿಕ್ಷಣ, ಆರೋಗ್ಯ ಮುಂತಾದ ವರ್ಗಗಳಲ್ಲಿ ತನಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕವನ್ನು ತಡೆಯಬಹುದು. ಸಂದೇಶದ ತಲೆಬರಹದ ಕೊನೆಯಲ್ಲಿ ಈಗ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ: ಜಾಹೀರಾತಿಗೆ 'ಪಿ', ಸೇವೆಗೆ 'ಎಸ್', ವಹಿವಾಟಿಗೆ 'ಟಿ', ಸರ್ಕಾರಕ್ಕೆ 'ಜಿ'. ಬ್ಯಾಂಕಿನ ಹೆಸರಿನಲ್ಲಿ ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದ ಸಂದೇಶವನ್ನು ಸಂಶಯದಿಂದಲೇ ನೋಡತಕ್ಕದ್ದು.

ವರ್ತಕನೇ ಆರೋಪಿಯಾದಾಗ

ಒಬ್ಬ ಸಿದ್ಧ ಉಡುಪಿನ ವ್ಯಾಪಾರಿಯನ್ನು ಊಹಿಸಿಕೊಳ್ಳಬಹುದು. ನಾಲ್ಕಾರು ವರ್ಷಗಳಿಂದ ಬಿಲ್ಲಿಂಗ್ ಕೌಂಟರಿನಲ್ಲಿ ಬರೆದಿಟ್ಟ ಎರಡು ಸಾವಿರ ಗಿರಾಕಿಗಳ ಸಂಖ್ಯೆ ಅವನಲ್ಲಿದೆ. ದೀಪಾವಳಿಗೆ ಮುನ್ನ ಅಂಗಡಿಯ ಹುಡುಗನಿಗೆ ತನ್ನದೇ ಫೋನನ್ನು ಕೊಟ್ಟು ಎಲ್ಲರಿಗೂ ಕರೆ ಮಾಡಲು ಹೇಳುತ್ತಾನೆ. ಇದರಲ್ಲಿ ಅವನಿಗೆ ಯಾವ ತಪ್ಪೂ ಕಾಣುವುದಿಲ್ಲ. ಬಂದವರೆಲ್ಲ ತನ್ನ ಗಿರಾಕಿಗಳೇ ತಾನೆ. ಆದರೆ ನಿಯಮಾವಳಿಯ ದೃಷ್ಟಿಯಲ್ಲಿ ಅವನು ನೋಂದಣಿಯಿಲ್ಲದ ಟೆಲಿಮಾರ್ಕೆಟಿಂಗ್ ನಡೆಸುವವನು. ಹಿಂದೆ 7 ದಿನಗಳಲ್ಲಿ 10 ದೂರು ಬಂದರೆ ಕ್ರಮ ಕೈಗೊಳ್ಳಲಾಗುತ್ತಿತ್ತು. 2025ರ ತಿದ್ದುಪಡಿಯಂತೆ 10 ದಿನಗಳಲ್ಲಿ 5 ದೂರು ಬಂದರೆ ಸಾಕು. ಎರಡು ಸಾವಿರ ಜನರಲ್ಲಿ ಐವರು ಬೇಸರಗೊಂಡು 1909ಕ್ಕೆ ತಿಳಿಸುವುದು ಅಸಂಭವವೇನೂ ಅಲ್ಲ.

ಮೊದಲ ಉಲ್ಲಂಘನೆಗೆ ಆ ಕಳುಹಿಸುಗನ ಎಲ್ಲ ಸಂಪರ್ಕಗಳ ಹೊರಹೋಗುವ ಸೇವೆ 15 ದಿನ ಸ್ಥಗಿತವಾಗುತ್ತದೆ. ಮರುಕಳಿಸಿದರೆ ಎಲ್ಲ ಸಂಪರ್ಕಗಳೂ ಒಂದು ವರ್ಷ ಕಡಿತಗೊಂಡು, ಹೆಸರು ಕಪ್ಪುಪಟ್ಟಿಗೆ ಸೇರುತ್ತದೆ. ಇಲ್ಲಿ 'ಎಲ್ಲ' ಎಂಬ ಪದದ ಭಾರವನ್ನು ತೂಗಿ ನೋಡಬೇಕು. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಖಾತೆ, ಉದ್ಯಮ್ ನೋಂದಣಿ ಇವೆಲ್ಲಕ್ಕೂ ಒಟಿಪಿ ಬರುವುದು ಸಾಮಾನ್ಯವಾಗಿ ಮಾಲೀಕನ ಆ ಒಂದೇ ಸಂಖ್ಯೆಗೆ. ಸಂಪರ್ಕ ಕಡಿತಗೊಂಡ ತಿಂಗಳು ರಿಟರ್ನ್ ಸಲ್ಲಿಸುವುದೂ, ಸರಬರಾಜುದಾರನಿಗೆ ಹಣ ಪಾವತಿಸುವುದೂ ಕಷ್ಟವಾದೀತು. ಹತ್ತು ಜೊತೆ ಬಟ್ಟೆ ಹೆಚ್ಚು ಮಾರಿದ ಲಾಭ ಇದಕ್ಕೆ ಸಮನಾಗದು.

ಸರಿಯಾದ ಮಾರ್ಗ ದುಬಾರಿಯೇನಲ್ಲ. ಯಾವುದಾದರೂ ಒಂದು ದೂರಸಂಪರ್ಕ ಕಂಪನಿಯ ಡಿಎಲ್‌ಟಿ ಜಾಲತಾಣದಲ್ಲಿ ಸಂಸ್ಥೆಯನ್ನು ನೋಂದಾಯಿಸಿ, ತಲೆಬರಹ ಮತ್ತು ಒಕ್ಕಣೆಗೆ ಅನುಮೋದನೆ ಪಡೆದು, ನೋಂದಾಯಿತ ಏಜೆನ್ಸಿಯ ಮೂಲಕವೇ ಸಂದೇಶ ಕಳುಹಿಸತಕ್ಕದ್ದು. ಜಾಹೀರಾತು ಕರೆಗಳಿಗೆ 140ರ ಸರಣಿಯ ಸಂಖ್ಯೆಯೇ ಆಗಬೇಕು. ವ್ಯವಹಾರದ ಹೆಸರಿನಲ್ಲಿ ತೆರಿಗೆ ಸರಕುಪಟ್ಟಿ ಪಡೆದಿದ್ದಲ್ಲಿ ಈ ವೆಚ್ಚದ ಮೇಲಿನ ಜಿಎಸ್‌ಟಿಗೆ ಇತರ ಷರತ್ತುಗಳಿಗೆ ಒಳಪಟ್ಟು ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಇದನ್ನು ಮರೆತು ಪೂರ್ಣ ಮೊತ್ತವನ್ನು ಖರ್ಚಿಗೆ ಬರೆಯುವವರೇ ಹೆಚ್ಚು.

ಗಿರಾಕಿಯ ಸಂಖ್ಯೆ ಯಾರ ಸ್ವತ್ತು?

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅದರ ಹಿಂದೆಯೇ ನಡೆದ ದೀರ್ಘ ಸಮಾಲೋಚನೆಯ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ನಿಯಮಗಳು ಪ್ರಕಟವಾದುದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ ಅವು ನೀಡಿದ ಕಾಲಾವಕಾಶ 18 ತಿಂಗಳು. ಸುರಕ್ಷತಾ ಕ್ರಮ ಕೈಗೊಳ್ಳದಿದ್ದಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ವರ್ತಕನಿಗೆ ಈ ಮೊತ್ತ ಬೀಳುವುದೆಂದು ಹೆದರಬೇಕಾಗಿಲ್ಲ, ಏಕೆಂದರೆ ತಪ್ಪಿನ ಗಾತ್ರವನ್ನೂ ಪರಿಣಾಮವನ್ನೂ ನೋಡಿಯೇ ದಂಡ ವಿಧಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಆದರೆ ತಾನು ಕಾಯಿದೆಯ ಹೊರಗೆಂದು ಭಾವಿಸುವುದೂ ಸರಿಯಲ್ಲ. ಕಾಗದದ ಖಾತೆ ಪುಸ್ತಕದಲ್ಲಿ ಬರೆದ ಸಂಖ್ಯೆಗೆ ಕಾಯಿದೆ ಅನ್ವಯಿಸುವುದಿಲ್ಲ. ಅದನ್ನು ಗಣಕಕ್ಕೆ ಏರಿಸಿದ ಕ್ಷಣದಿಂದ ಅನ್ವಯಿಸುತ್ತದೆ. ವಾಟ್ಸಾಪ್ ಸಂದೇಶಗಳು ಟ್ರಾಯ್ ನಿಯಮಾವಳಿಯ ಹೊರಗಿದ್ದರೂ ಈ ಕಾಯಿದೆಯ ಹೊರಗಿಲ್ಲ.

ಅನೇಕ ವರ್ತಕರು ಬಿಲ್ಲಿಗೆ ಮೊಬೈಲ್ ಸಂಖ್ಯೆ ಕಡ್ಡಾಯವೆಂದು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಜಿಎಸ್‌ಟಿ ನಿಯಮ 46ರಂತೆ, ನೋಂದಣಿಯಿಲ್ಲದ ಗಿರಾಕಿಯ ಖರೀದಿ 50,000 ರೂಪಾಯಿ ಅಥವಾ ಅದಕ್ಕೂ ಮೀರಿದಾಗ ಹೆಸರು, ವಿಳಾಸ ಬೇಕು. ಫೋನ್ ಸಂಖ್ಯೆಯ ಮಾತೇ ಅಲ್ಲಿಲ್ಲ. ಸಂಖ್ಯೆ ಕೊಡದಿದ್ದರೆ ಬಿಲ್ ನೀಡುವುದಿಲ್ಲವೆಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯವು 2023ರ ಮೇ ತಿಂಗಳಲ್ಲಿಯೇ ಸೂಚಿಸಿದೆ. ಬಿಲ್ಲಿನ ಪ್ರತಿಯನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು, ನಿಜ. ಆದರೆ ಲೆಕ್ಕಕ್ಕಾಗಿ ಕಾಪಾಡಿದ ಸಂಖ್ಯೆಯನ್ನು ಜಾಹೀರಾತಿಗೆ ಬಳಸಲು ಆ ಕಲಮು ಅನುಮತಿ ನೀಡುವುದಿಲ್ಲ. ಅದಕ್ಕೆ ಗಿರಾಕಿಯ ಪ್ರತ್ಯೇಕ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಗಿರಾಕಿಯು ಬಯಸಿದಲ್ಲಿ ಕನ್ನಡದಲ್ಲಿಯೂ ನೀಡಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವ ದಾರಿಯೂ ಇರಬೇಕು.

ತನ್ನ ಸಂಖ್ಯೆಯ ವಿಷಯದಲ್ಲಿಯೂ ವರ್ತಕನು ಇದೇ ಶಿಸ್ತನ್ನು ಪಾಲಿಸುವುದು ಲೇಸು. ನಾಮಫಲಕ, ವಿಸಿಟಿಂಗ್ ಕಾರ್ಡು, ವಸ್ತುಪ್ರದರ್ಶನದ ಮಳಿಗೆ, ಸಂಘಸಂಸ್ಥೆಗಳ ಡೈರೆಕ್ಟರಿ ಇವುಗಳಿಗೆ ಒಂದು ಸಂಖ್ಯೆ. ಬ್ಯಾಂಕು ಮತ್ತು ತೆರಿಗೆ ನೋಂದಣಿಗೆ ಬೇರೊಂದು. ಎರಡನೆಯದು ಮಾಲೀಕನ ವಶದಲ್ಲಿಯೇ ಇರತಕ್ಕದ್ದು. ತೆರಿಗೆ ಸಲಹೆಗಾರನ ಸಂಖ್ಯೆಯನ್ನೇ ನೋಂದಣಿಗೆ ಕೊಟ್ಟು, ಮುಂದೆ ಮನಸ್ತಾಪವಾದಾಗ ಪರದಾಡುವವರುಂಟು.

ಮಾರಾಟದ ಕರೆಗಿಂತ ಅಪಾಯಕಾರಿಯಾದುದು ಅಧಿಕಾರಿಯ ಸೋಗಿನ ಕರೆ. ಕೇಂದ್ರ ಜಿಎಸ್‌ಟಿ ಕಚೇರಿಯಿಂದ ಸಮನ್ಸ್ ಹೊರಟಿದೆ, ಈಗಲೇ ಹಣ ಕಟ್ಟದಿದ್ದರೆ ದಸ್ತಗಿರಿ ಎಂದು ಬೆದರಿಸಿದರೆ, ದಾಖಲೆ ಗುರುತು ಸಂಖ್ಯೆಯನ್ನು, ಅಂದರೆ ಡಿಐಎನ್ ಅನ್ನು ಕೇಳಬೇಕು. 2019ರ ನವೆಂಬರ್ 8ರಿಂದ ಇಂತಹ ಪತ್ರಗಳಿಗೆ ಅದು ಕಡ್ಡಾಯವಾಗಿದ್ದು, ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಪೋರ್ಟಲ್ ಮೂಲಕವೇ ಬಂದ ನೋಟಿಸಿಗೆ ಆರ್‌ಎಫ್‌ಎನ್ ಎಂಬ ಉಲ್ಲೇಖ ಸಂಖ್ಯೆ ಇದ್ದರೆ ಸಾಕೆಂದು ಮಂಡಳಿಯು 2025ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ಎರಡೂ ಇಲ್ಲದ ಕರೆಯನ್ನು ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ವರದಿ ಮಾಡಬೇಕು. ಹಣ ಕೈಬಿಟ್ಟು ಹೋಗಿದ್ದರೆ ಮಾತ್ರ ಒಂದು ಗಳಿಗೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡತಕ್ಕದ್ದು.